ಕಮಿಟಿ ಮೀಟಿಂಗಿಗೆ ನೋಟಿಸ್ ಯಾರಿಗೆ ಕೊಡಬೇಕು? ಅಪಾರ್ಟ್‌ಮೆಂಟ್ ಸಂಘಗಳ ಗೊಂದಲಕ್ಕೆ ಕಾನೂನು ಏನು ಹೇಳುತ್ತದೆ

ಅಪಾರ್ಟ್‌ಮೆಂಟ್‌ಗಳ ಒಡೆತನ ಮತ್ತು ನಿರ್ವಹಣೆಗೆ ಹೊಸ ಕಾಯ್ದೆ ತರುತ್ತೇವೆ ಅಂತ ರಾಜ್ಯ ಸರ್ಕಾರ ಹೇಳಿದೆ. 2025ರಲ್ಲಿ ಅದರ ಕರಡು ಮಸೂದೆಯೂ ಚರ್ಚೆಗೆ ಬಂತು. 1972ರ ಹಳೆಯ ಕಾಯ್ದೆಯ ಜಾಗದಲ್ಲಿ ಇದು ಬರಬೇಕು ಅನ್ನುವುದು ಉದ್ದೇಶ. ಸುದ್ದಿಯಲ್ಲಿ ಕಾಣುವುದು ಹೆಚ್ಚಾಗಿ ಬೆಂಗಳೂರಿನ ಮಾತೇ. ಆದರೆ ಮಂಗಳೂರಿನ ಕದ್ರಿ, ಬಿಜೈ, ಮಣ್ಣಗುಡ್ಡೆ, ಕಂಕನಾಡಿಯಲ್ಲೂ ಉಡುಪಿಯ ಕುಂಜಿಬೆಟ್ಟು, ಅಂಬಲಪಾಡಿ, ಮಣಿಪಾಲದಲ್ಲೂ ಸಾಲುಸಾಲು ಅಪಾರ್ಟ್‌ಮೆಂಟ್‌ಗಳಿವೆ. ಅಲ್ಲಿನ ಮಾಲೀಕರಿಗೂ ಈ ಸುದ್ದಿ ಕೆಲವು ಪ್ರಶ್ನೆ ತಂದಿದೆ.

ಅವುಗಳಲ್ಲಿ ಜಾಸ್ತಿ ಗೊಂದಲ ಇರುವುದು ಸಭೆಯ ನೋಟಿಸಿನ ಬಗ್ಗೆ. ಕಮಿಟಿಯವರು ಸೇರುವಾಗ ಎಲ್ಲ ಮಾಲೀಕರಿಗೂ ತಿಳಿಸಬೇಕಾ? ಎಷ್ಟು ದಿನ ಮೊದಲು? ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಸಾಕಾ? ನೋಟಿಸ್ ಕೊಡದೆ ಮಾಡಿದ ತೀರ್ಮಾನ ಬಿದ್ದುಹೋಗುತ್ತದಾ? ಒಂದೇ ಸಾಲಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಯಾಕೆಂದರೆ ಎಲ್ಲ ಸಂಘಗಳೂ ಒಂದೇ ಕಾನೂನಿನ ಕೆಳಗೆ ಇಲ್ಲ. ಅದಕ್ಕಿಂತ ಮೊದಲು, ಜನ ಯಾವ ಸಭೆಯ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುವುದೇ ಹಲವು ಸಲ ಸ್ಪಷ್ಟ ಇರುವುದಿಲ್ಲ.

ಸಭೆಗಳು ಎರಡು, ನಿಯಮವೂ ಎರಡು

ಮೊದಲನೆಯದು ಸರ್ವ ಸದಸ್ಯರ ಸಭೆ. ಜನರಲ್ ಬಾಡಿ ಅಂತ ಕರೆಯುತ್ತೇವೆ. ಅದರಲ್ಲಿ ಪ್ರತಿ ಫ್ಲ್ಯಾಟ್ ಮಾಲೀಕನೂ ಸದಸ್ಯ. ವರ್ಷದ ಲೆಕ್ಕಪತ್ರ ಒಪ್ಪುವುದು, ಕಮಿಟಿ ಆರಿಸುವುದು, ಬೈಲಾ, ಅಂದರೆ ಸಂಘದ ಒಳನಿಯಮ, ತಿದ್ದುವುದು, ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುವುದು ಇಲ್ಲಿ.

ಎರಡನೆಯದು ಕಮಿಟಿ ಸಭೆ. 1972ರ ಕಾಯ್ದೆ ಇದನ್ನು ಬೋರ್ಡ್ ಆಫ್ ಮ್ಯಾನೇಜರ್ಸ್ ಅನ್ನುತ್ತದೆ. ಅಧ್ಯಕ್ಷರು, ಸೆಕ್ರೆಟರಿ, ಖಜಾಂಚಿ ಮತ್ತು ನಾಲ್ಕಾರು ಸದಸ್ಯರು ಸೇರಿ ದಿನನಿತ್ಯದ ಕೆಲಸ ನೋಡಿಕೊಳ್ಳುವ ಸಭೆ. ವಾಚ್‌ಮ್ಯಾನ್ ಸಂಬಳ, ಲಿಫ್ಟಿನ ರಿಪೇರಿ, ಜನರೇಟರಿಗೆ ಡೀಸೆಲ್, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ತರಿಸುವುದು ಎಲ್ಲ ಇಲ್ಲಿಗೆ ಬರುತ್ತದೆ.

ನಮ್ಮ ಕಾನೂನಿನಲ್ಲಿ ನೋಟಿಸ್ ಸಿಗಬೇಕಾದದ್ದು ಆ ಸಭೆಯಲ್ಲಿ ಕೂರುವ ಹಕ್ಕು ಇರುವವರಿಗೆ. ಸರ್ವ ಸದಸ್ಯರ ಸಭೆಗೆ ಎಲ್ಲ ಮಾಲೀಕರಿಗೂ ನೋಟಿಸ್ ಹೋಗಬೇಕು, ಒಬ್ಬರನ್ನೂ ಬಿಡುವಂತಿಲ್ಲ. ಕಮಿಟಿ ಸಭೆಗೆ ಕಮಿಟಿಯ ಪ್ರತಿ ಸದಸ್ಯನಿಗೂ ನೋಟಿಸ್ ಹೋಗಬೇಕು, ಅಲ್ಲೂ ಒಬ್ಬರನ್ನೂ ಬಿಡುವಂತಿಲ್ಲ. ಆದರೆ ಕಮಿಟಿಯಲ್ಲಿ ಇಲ್ಲದ ಮಾಲೀಕನಿಗೆ ಕಮಿಟಿ ಸಭೆಯ ನೋಟಿಸ್ ಕೊಡಬೇಕು ಅಂತ ಈಗಿನ ಕಾಯ್ದೆ ಎಲ್ಲೂ ಹೇಳುವುದಿಲ್ಲ. ನಿಮ್ಮ ಬೈಲಾದಲ್ಲಿ ಹಾಗೆ ಬರೆದಿದ್ದರೆ ಮಾತ್ರ ಅದು ಹಕ್ಕು.

ಜಗಳಗಳು ಹುಟ್ಟುವುದು ಇವೆರಡನ್ನೂ ಬೆರೆಸಿದಾಗ. ಸರ್ವ ಸದಸ್ಯರ ಸಭೆಯಲ್ಲಿ ಆಗಬೇಕಾದ ತೀರ್ಮಾನವನ್ನು ಐದು ಜನರ ಕಮಿಟಿ ತೆಗೆದುಕೊಂಡುಬಿಡುತ್ತದೆ. ಮಾಲೀಕರು ಸಿಟ್ಟಿನಲ್ಲಿ "ಕಮಿಟಿ ಮೀಟಿಂಗಿಗೆ ನಮಗೇಕೆ ನೋಟಿಸ್ ಕೊಡಲಿಲ್ಲ" ಅಂತ ಕೇಳುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ತೀರ್ಮಾನ ಮಾಡಲು ಕಮಿಟಿಗೆ ಅಧಿಕಾರ ಇತ್ತಾ? ಇಲ್ಲದಿದ್ದರೆ, ನೋಟಿಸ್ ಎಷ್ಟೇ ಚೆನ್ನಾಗಿ ಕೊಟ್ಟಿದ್ದರೂ ಆ ತೀರ್ಮಾನ ನಿಲ್ಲುವುದಿಲ್ಲ.

ನಿಮ್ಮ ಸಂಘ ಯಾವ ಕಾಯ್ದೆಯ ಕೆಳಗಿದೆ?

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ಮೂರು ದಾರಿಯಲ್ಲಿ ಹುಟ್ಟಿವೆ. ಒಂದು, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ಎರಡು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಮೂರು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಮೂರರಲ್ಲೂ ಸಭೆಯ ನಿಯಮ ಬೇರೆ ಬೇರೆ.

1972ರ ಕಾಯ್ದೆ ತಾನಾಗಿಯೇ ಯಾವ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಮಾಲೀಕರು ಘೋಷಣಾ ಪತ್ರ, ಅಂದರೆ ಡಿಕ್ಲರೇಷನ್, ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಅದರ ಜತೆ ಬೈಲಾ ಲಗತ್ತಿಸಬೇಕು. ಈ ಕಾಯ್ದೆಯ 16ನೇ ಕಲಂ ಬೈಲಾದಲ್ಲಿ ಏನೇನು ಇರಬೇಕು ಅಂತ ಹೇಳುತ್ತದೆ. ಮಾಲೀಕರ ಸಭೆ ಕರೆಯುವ ರೀತಿ, ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಎಷ್ಟು, ಸಭೆಗೆ ಯಾರು ಅಧ್ಯಕ್ಷರು, ನಿರ್ಣಯ ಬರೆದಿಡುವ ಪುಸ್ತಕ ಯಾರ ಬಳಿ ಇರಬೇಕು, ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ನೋಟಿಸ್ ಇಷ್ಟೇ ದಿನ ಮೊದಲು ಕೊಡಬೇಕು ಅಂತ ಆ ಕಲಂ ನಿಗದಿ ಮಾಡುವುದಿಲ್ಲ. ಅದನ್ನು ಬೈಲಾಕ್ಕೆ ಬಿಟ್ಟಿದೆ. ಹಾಗಾಗಿ ಪಕ್ಕದ ಕಟ್ಟಡದಲ್ಲಿ 14 ದಿನ ಇದೆ, ನಮ್ಮಲ್ಲಿ ಏಳೇ ದಿನ ಯಾಕೆ ಅಂದರೆ ಅದಕ್ಕೆ ಕಾರಣ ಎರಡು ಬೈಲಾಗಳು ಬೇರೆ ಅನ್ನುವುದಷ್ಟೇ.

ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಇದ್ದರೆ ವರ್ಷಕ್ಕೊಂದು ಮಹಾಸಭೆ ಕಡ್ಡಾಯ. ಆಡಳಿತ ಮಂಡಳಿಯ ಪಟ್ಟಿಯನ್ನು ರಿಜಿಸ್ಟ್ರಾರಿಗೆ ಸಲ್ಲಿಸಬೇಕು. ಸಹಕಾರ ಸಂಘವಾಗಿದ್ದರೆ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರ ಒಳಗೆ ಮುಗಿಯಬೇಕು. ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಈ ಕರಾವಳಿಯಲ್ಲಿ ಸೆಪ್ಟೆಂಬರಿನ ಮಹಾಸಭೆ ಅಂದರೆ ಏನು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಹೆಚ್ಚಿನವರು ಒಂದಲ್ಲ ಒಂದು ಸೊಸೈಟಿಯ ಸದಸ್ಯರೇ.

ಇಲ್ಲೊಂದು ತೊಡಕು ಇದೆ. ಬರೀ ವಸತಿ ಫ್ಲ್ಯಾಟ್‌ಗಳಿರುವ ಕಟ್ಟಡಕ್ಕೆ 1972ರ ಕಾಯ್ದೆಯೇ ಸರಿಯಾದ ದಾರಿ ಅಂತ ಕರ್ನಾಟಕ ಹೈಕೋರ್ಟ್ ಇತ್ತೀಚಿನ ವರ್ಷಗಳಲ್ಲಿ ಹೇಳಿದೆ. ಆದರೂ ಎಷ್ಟೋ ಸಂಘಗಳು ಹಳೆಯ ನೋಂದಣಿಯಲ್ಲೇ ಮುಂದುವರಿದಿವೆ. ಕೆಲವು ಕಡೆ ಬಿಲ್ಡರ್ ಡಿಕ್ಲರೇಷನ್ ನೋಂದಾಯಿಸಿರುತ್ತಾನೆ, ಮಾಲೀಕರು ಅದು ಗೊತ್ತಿಲ್ಲದೆ ಸಂಘಗಳ ಕಾಯ್ದೆಯಲ್ಲಿ ಇನ್ನೊಂದು ನೋಂದಣಿ ಮಾಡಿಸಿರುತ್ತಾರೆ. ಆಗ ಕಪಾಟಿನಲ್ಲಿ ಎರಡು ಬೈಲಾ, ಎರಡರಲ್ಲೂ ಬೇರೆ ಬೇರೆ ದಿನ. ಇಂಥ ಸಂಘ ಮೊದಲು ಒಬ್ಬ ವಕೀಲರ ಹತ್ತಿರ ಕೂತು ಯಾವುದು ಊರ್ಜಿತ ಅಂತ ತೀರ್ಮಾನಿಸಿಕೊಳ್ಳಬೇಕು. ಅದಾಗುವವರೆಗೆ ಎರಡರಲ್ಲಿ ಯಾವುದು ಜಾಸ್ತಿ ದಿನ ಕೇಳುತ್ತದೋ ಅಷ್ಟು ದಿನ ಮೊದಲೇ ನೋಟಿಸ್ ಕೊಟ್ಟರೆ ನಷ್ಟ ಏನೂ ಇಲ್ಲ.

ಕಮಿಟಿ ಸದಸ್ಯನನ್ನೇ ಬಿಟ್ಟರೆ?

ಕಮಿಟಿ ಸಭೆಯ ನೋಟಿಸ್ ಹೊರಗಿನವರಿಗೆ ಬೇಕಿಲ್ಲ ಅಂದ ಮಾತ್ರಕ್ಕೆ ಅದು ಸುಮ್ನೆ ಫೋನ್ ಮಾಡಿ ಮುಗಿಸುವ ಕೆಲಸ ಅಲ್ಲ. ಹೆಚ್ಚಿನ ಕಮಿಟಿಗಳು ಎಡವುವುದು ಇಲ್ಲೇ. ಏಳು ಜನರಲ್ಲಿ ಒಬ್ಬರು ಯಾವಾಗಲೂ ಆಕ್ಷೇಪ ಎತ್ತುತ್ತಾರೆ. ಅವರಿಗೆ ಹೇಳದೆ ಉಳಿದ ಆರು ಜನ ಸೇರಿ ನಿರ್ಣಯ ಮಾಡುತ್ತಾರೆ. "ಹೇಗೂ ಬಹುಮತ ಇತ್ತಲ್ಲ" ಅನ್ನುವುದು ಅವರ ಸಮರ್ಥನೆ.

ಈ ಸಮರ್ಥನೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಪರಮೇಶ್ವರಿ ಪ್ರಸಾದ್ ಗುಪ್ತಾ ವಿರುದ್ಧ ಭಾರತ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1973ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ಅದು ಒಂದು ಕಂಪನಿಯ ಪ್ರಕರಣ. ಜನರಲ್ ಮ್ಯಾನೇಜರನ್ನು ತೆಗೆಯುವ ನಿರ್ಣಯ ಆದ ಬೋರ್ಡ್ ಸಭೆಗೆ ಒಬ್ಬ ನಿರ್ದೇಶಕರಿಗೆ ನೋಟಿಸ್ ಹೋಗಿರಲಿಲ್ಲ. ಎಲ್ಲ ನಿರ್ದೇಶಕರಿಗೂ ನೋಟಿಸ್ ಕೊಡುವುದು ನಿರ್ಣಯ ಸಿಂಧುವಾಗಲು ಅತ್ಯಗತ್ಯ, ಒಬ್ಬರಿಗೆ ತಪ್ಪಿದರೂ ನಿರ್ಣಯ ಅಸಿಂಧು ಅಂತ ಕೋರ್ಟ್ ಹೇಳಿತು. ಇದರ ಹಿಂದಿನ ತರ್ಕ ಅಪಾರ್ಟ್‌ಮೆಂಟ್ ಕಮಿಟಿಗೂ ಹೊಂದುತ್ತದೆ. ಸಭೆ ಅಂದರೆ ಬರೀ ಮತ ಎಣಿಸುವುದಲ್ಲ. ಬಿಟ್ಟುಹೋದ ಆ ಒಬ್ಬರು ಬಂದಿದ್ದರೆ ಅವರ ಮಾತು ಕೇಳಿ ಉಳಿದವರ ಮನಸ್ಸು ಬದಲಾಗಬಹುದಿತ್ತು. ಆ ಅವಕಾಶವನ್ನೇ ಕಿತ್ತುಕೊಂಡರೆ ಅದು ಸಭೆಯೇ ಅಲ್ಲ.

ದಿನದ ಲೆಕ್ಕ ಮತ್ತೆ ಬೈಲಾದ್ದೇ. ಹಳೆಯ ಹಲವು ಬೈಲಾಗಳಲ್ಲಿ ಕಮಿಟಿ ಸದಸ್ಯರಿಗೆ ಮೂರು ದಿನ ಮೊದಲು ಖುದ್ದಾಗಿ, ಅಂಚೆಯಲ್ಲಿ, ಫೋನಿನಲ್ಲಿ ಅಥವಾ ಟೆಲಿಗ್ರಾಂ ಮೂಲಕ ತಿಳಿಸಬೇಕು ಅಂತ ಇರುತ್ತದೆ. ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲೇ ನಿಂತಿದೆ. ಆದರೂ ಬೈಲಾದಲ್ಲಿ ಆ ಸಾಲು ಉಳಿದಿದೆ, ಇ-ಮೇಲ್ ಸೇರಿಲ್ಲ. ಹೋಲಿಕೆಗೆ ನೋಡಿದರೆ 2013ರ ಕಂಪನಿ ಕಾಯ್ದೆಯಲ್ಲಿ ಬೋರ್ಡ್ ಸಭೆಗೆ ಕನಿಷ್ಠ ಏಳು ದಿನದ ಲಿಖಿತ ನೋಟಿಸ್ ಬೇಕು. ಅದನ್ನು ಕೈಯಲ್ಲಿ, ಅಂಚೆಯಲ್ಲಿ ಅಥವಾ ಎಲೆಕ್ಟ್ರಾನಿಕ್ ರೂಪದಲ್ಲಿ ಕೊಡಬಹುದು ಅಂತ ಕಾಯ್ದೆಯೇ ಹೇಳಿದೆ. ನಮ್ಮ ಅಪಾರ್ಟ್‌ಮೆಂಟ್ ಕಾಯ್ದೆಗೆ ಇಷ್ಟು ಸ್ಪಷ್ಟತೆ ಯಾವತ್ತೋ ಬರಬೇಕಿತ್ತು.

ಬಾಗಿಲು ತೆರೆದಿಡಬೇಕಾ? ಎರಡು ಕಡೆಯ ವಾದ

ಈಗ ಚರ್ಚೆ ನಡೆಯುತ್ತಿರುವುದು ಮುಖ್ಯವಾಗಿ ಇದರ ಬಗ್ಗೆ. ಕಾನೂನು ಕೇಳದಿದ್ದರೂ ಕಮಿಟಿ ಸಭೆಯ ಸುದ್ದಿ ಎಲ್ಲ ಮಾಲೀಕರಿಗೂ ಮೊದಲೇ ಗೊತ್ತಾಗಬೇಕು ಅನ್ನುವುದು ಒಂದು ಪಕ್ಷ. ದುಡ್ಡು ನಮ್ಮದು, ಕಟ್ಟಡ ನಮ್ಮದು, ತೀರ್ಮಾನ ಆದ ಮೇಲೆ ಬಿಲ್ ಮಾತ್ರ ನಮಗೆ ಬಂದರೆ ಹೇಗೆ ಅನ್ನುವುದು ಅವರ ಮಾತು.

ಇನ್ನೊಂದು ಪಕ್ಷ ಕಮಿಟಿಯಲ್ಲಿ ಕೆಲಸ ಮಾಡಿದವರದ್ದು. ಸಂಬಳ ಇಲ್ಲ, ಮನೆ ಕೆಲಸ ಬಿಟ್ಟು ಮಾಡಬೇಕು. ಪ್ರತಿ ಸಭೆಗೂ ಮೂವತ್ತು ಜನ ಬಂದು ಕೂತರೆ ನೀರಿನ ಪಂಪ್ ರಿಪೇರಿಯ ತೀರ್ಮಾನಕ್ಕೂ ಎರಡು ಗಂಟೆ ಬೇಕಾಗುತ್ತದೆ. ಯಾರ ಮೈಂಟೆನೆನ್ಸ್ ಎಷ್ಟು ಬಾಕಿ, ಕೆಲಸದವರ ಮೇಲೆ ಏನು ದೂರು ಬಂದಿದೆ, ಕೋರ್ಟಿನಲ್ಲಿರುವ ಕೇಸಿನಲ್ಲಿ ವಕೀಲರು ಏನು ಹೇಳಿದರು, ಇದನ್ನೆಲ್ಲ ಎಲ್ಲರ ಮುಂದೆ ಮಾತಾಡಲು ಆಗುವುದಿಲ್ಲ. ಈ ವಾದದಲ್ಲೂ ಹುರುಳಿದೆ.

ಅಮೆರಿಕದ ಕೆಲವು ರಾಜ್ಯಗಳು ಈ ಎರಡು ವಾದವನ್ನೂ ಗಮನಿಸಿ ಕಾನೂನು ಮಾಡಿವೆ. ಕ್ಯಾಲಿಫೋರ್ನಿಯಾದಲ್ಲಿ ಡೇವಿಸ್-ಸ್ಟರ್ಲಿಂಗ್ ಅನ್ನುವ ಕಾಯ್ದೆ ಇದೆ. ಅಲ್ಲಿ ಮನೆ ಮಾಲೀಕರ ಸಂಘದ ಬೋರ್ಡ್ ಸಭೆಗೆ ಕನಿಷ್ಠ ನಾಲ್ಕು ದಿನ ಮೊದಲು ಎಲ್ಲ ಸದಸ್ಯರಿಗೂ ನೋಟಿಸ್ ಕೊಡಬೇಕು. ಚರ್ಚೆಯ ವಿಷಯಗಳ ಪಟ್ಟಿ ಅದರಲ್ಲೇ ಇರಬೇಕು. ಸದಸ್ಯರು ಬಂದು ಕೂರಬಹುದು, ಅವರಿಗೆ ಮಾತಾಡಲು ಸ್ವಲ್ಪ ಸಮಯವನ್ನೂ ಕೊಡಬೇಕು. ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ ಕೆಲವು ತುರ್ತು ಸಂದರ್ಭ ಬಿಟ್ಟರೆ ತೀರ್ಮಾನ ಮಾಡುವಂತಿಲ್ಲ. ಕೋರ್ಟ್ ಕೇಸು, ಸಿಬ್ಬಂದಿ ವಿಷಯ, ಸದಸ್ಯರ ಬಾಕಿಯಂಥ ಸಂಗತಿಗಳಿಗೆ ಮುಚ್ಚಿದ ಸಭೆ ಮಾಡಬಹುದು. ಬರೀ ಅಂಥ ಸಭೆಯಾದರೆ ಎರಡು ದಿನದ ನೋಟಿಸ್ ಸಾಕು. ಬೋರ್ಡಿನವರು ಇ-ಮೇಲಿನಲ್ಲೇ ತೀರ್ಮಾನ ಮುಗಿಸುವುದಕ್ಕೂ ಅಲ್ಲಿ ತಡೆ ಇದೆ, ತುರ್ತು ಇದ್ದು ಎಲ್ಲರೂ ಲಿಖಿತವಾಗಿ ಒಪ್ಪಿದರೆ ಮಾತ್ರ ವಿನಾಯಿತಿ.

ಫ್ಲೋರಿಡಾದ ನಿಯಮ ಇನ್ನೂ ಸರಳ. ಸಾಮಾನ್ಯ ಬೋರ್ಡ್ ಸಭೆಗೆ 48 ಗಂಟೆ ಮೊದಲು ಎಲ್ಲರಿಗೂ ಕಾಣುವ ಜಾಗದಲ್ಲಿ ನೋಟಿಸ್ ಅಂಟಿಸಬೇಕು. ಆದರೆ ವಿಶೇಷ ವಂತಿಗೆ ಹಾಕುವ ವಿಷಯ ಇದ್ದರೆ 14 ದಿನ ಮೊದಲು ಪ್ರತಿಯೊಬ್ಬರಿಗೂ ತಿಳಿಸಬೇಕು. ಅಂದರೆ ತೀರ್ಮಾನ ಜನರ ಕಿಸೆಗೆ ಎಷ್ಟು ತಾಗುತ್ತದೋ ನೋಟಿಸ್ ಅಷ್ಟು ಗಟ್ಟಿಯಾಗಬೇಕು ಅನ್ನುವ ತತ್ವ.

ಆ ಕಾನೂನುಗಳು ಇಲ್ಲಿ ಅನ್ವಯಿಸುವುದಿಲ್ಲ. ಅಲ್ಲಿ ಮಕ್ಕಳ ಮನೆಗೆ ಹೋಗಿ ನೋಡಿ ಬಂದವರು ಇಲ್ಲಿಯ ಕಮಿಟಿಗೂ ಅದೇ ನಿಯಮ ಇದೆ ಅಂತ ವಾದಿಸಿದರೆ ಅದು ಸರಿ ಆಗುವುದಿಲ್ಲ. ಆದರೆ ಫ್ಲೋರಿಡಾದ ಆ ತತ್ವವನ್ನು ನಮ್ಮ ಬೈಲಾಕ್ಕೆ ತರಲು ಅಡ್ಡಿ ಏನೂ ಇಲ್ಲ. ಮೂವತ್ತು, ನಲವತ್ತು ಫ್ಲ್ಯಾಟ್‌ಗಳ ನಮ್ಮ ಕಟ್ಟಡಗಳಿಗೆ ಅದು ಸರಿಯಾಗಿ ಹೊಂದುತ್ತದೆ. ವಿಷಯಪಟ್ಟಿಯನ್ನು ಎರಡು ದಿನ ಮೊದಲು ಲಿಫ್ಟಿನ ಹತ್ತಿರದ ಬೋರ್ಡಿಗೆ ಅಂಟಿಸಿ, ಸಭೆ ಆದ ಒಂದು ವಾರದಲ್ಲಿ ತೀರ್ಮಾನಗಳನ್ನು ಅದೇ ಜಾಗದಲ್ಲಿ ಹಾಕಿದರೆ ಕಮಿಟಿಯ ಕೆಲಸ ನಿಧಾನ ಆಗುವುದಿಲ್ಲ. ಮಾಲೀಕರ ಅನುಮಾನವೂ ಕಡಿಮೆಯಾಗುತ್ತದೆ.

"ಇತರ ವಿಷಯಗಳು" ಅನ್ನುವ ಕೊನೆಯ ಸಾಲು

ದಿನಗಳ ಲೆಕ್ಕದ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ನಿಜವಾದ ಅನ್ಯಾಯ ಆಗುವುದು ನೋಟಿಸಿನ ಒಳಗೆ ಏನು ಬರೆದಿದೆ ಅನ್ನುವುದರಲ್ಲಿ.

ಒಂದು ಉದಾಹರಣೆ ಊಹಿಸಿ. ಉಪ್ಪುಗಾಳಿ ಮತ್ತು ಮಳೆಗೆ ನಮ್ಮ ಕಟ್ಟಡಗಳ ಬಣ್ಣ ಬೇಗ ಹೋಗುತ್ತದೆ, ಗೋಡೆಯಲ್ಲಿ ನೀರು ಜಿನುಗುತ್ತದೆ. ಮಳೆಗಾಲದ ಮೊದಲು ಬಣ್ಣ ಹೊಡೆಸಿ ಟೆರೇಸಿಗೆ ಶೀಟು ಹಾಕಿಸಬೇಕು. ಪ್ರತಿ ಫ್ಲ್ಯಾಟಿಗೆ 35,000 ರೂಪಾಯಿ ಬೀಳುತ್ತದೆ. ಕಮಿಟಿ ಸರ್ವ ಸದಸ್ಯರ ಸಭೆ ಕರೆಯುತ್ತದೆ. ನೋಟಿಸಿನಲ್ಲಿ ಇರುವುದು ಇಷ್ಟು: ಸ್ವಾಗತ, ಹಿಂದಿನ ಸಭೆಯ ವರದಿ, ಲೆಕ್ಕಪತ್ರ, ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು. 35,000ದ ವಿಷಯ ಬರುವುದು ಆ ಕೊನೆಯ ಸಾಲಿನಲ್ಲಿ. ಹೇಗೂ ಮಾಮೂಲಿ ಸಭೆ ಅಂತ ಅರ್ಧಕ್ಕರ್ಧ ಜನ ಬಂದಿರುವುದಿಲ್ಲ. ಬಂದವರು ಕೈ ಎತ್ತುತ್ತಾರೆ, ನಿರ್ಣಯ ಪಾಸಾಗುತ್ತದೆ.

ಇಲ್ಲಿ ನೋಟಿಸ್ ಕೊಟ್ಟಿದ್ದಾರೆ, ದಿನವೂ ಸರಿ ಇದೆ, ಕೋರಂ ಕೂಡ ಇತ್ತು. ಆದರೂ ಈ ನಿರ್ಣಯದ ಬುಡ ಅಲ್ಲಾಡುತ್ತದೆ. ನೋಟಿಸಿನ ಕೆಲಸವೇ ಸಭೆಗೆ ಹೋಗಬೇಕಾ ಬೇಡವಾ ಅಂತ ಮನುಷ್ಯ ತೀರ್ಮಾನಿಸಲು ಬೇಕಾದ ಮಾಹಿತಿ ಕೊಡುವುದು. ಅದಕ್ಕೇ ಕಂಪನಿ ಕಾನೂನಿನಲ್ಲಿ ಮಹಾಸಭೆಗೆ ವಿಶೇಷ ವಿಷಯ ತರುವಾಗ ವಿವರಣೆ ಲಗತ್ತಿಸಬೇಕು ಅಂತ ಇದೆ. ಅಪಾರ್ಟ್‌ಮೆಂಟ್ ಬೈಲಾಗಳಲ್ಲೂ ಸಭೆಯ ಉದ್ದೇಶವನ್ನು ನೋಟಿಸಿನಲ್ಲಿ ಹೇಳಬೇಕು ಅನ್ನುವ ಮಾತು ಸಾಮಾನ್ಯವಾಗಿ ಇರುತ್ತದೆ. ಇತರ ವಿಷಯಗಳು ಅನ್ನುವ ಸಾಲು ಇರುವುದು ಪಾರ್ಕಿಂಗಿನಲ್ಲಿ ಬಲ್ಬ್ ಹೋಗಿದೆ, ಗೇಟಿನ ಬೀಗ ಸರಿ ಇಲ್ಲ ಅನ್ನುವಂಥ ಮಾತಿಗೆ. ವಂತಿಗೆ, ಮೈಂಟೆನೆನ್ಸ್ ಏರಿಕೆ, ಬೈಲಾ ತಿದ್ದುಪಡಿ, ಕಮಿಟಿ ಸದಸ್ಯರನ್ನು ತೆಗೆಯುವುದು, ಮೊಬೈಲ್ ಟವರಿಗೆ ಟೆರೇಸ್ ಕೊಡುವುದು ಆ ಬಾಗಿಲಿನಿಂದ ಒಳಗೆ ಬರಬಾರದು.

ಒಳ್ಳೆಯ ನೋಟಿಸ್ ಕಷ್ಟದ್ದೇನಲ್ಲ. ಯಾವ ಕೆಲಸ, ಅಂದಾಜು ಎಷ್ಟು, ಎಷ್ಟು ಕೊಟೇಶನ್ ಬಂದಿದೆ, ಪ್ರತಿ ಫ್ಲ್ಯಾಟಿಗೆ ಎಷ್ಟು ಬೀಳಬಹುದು, ಯಾವ ತಿಂಗಳಿನಿಂದ ಕಟ್ಟಬೇಕು. ಇಷ್ಟು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಇದೇ ಜಾಗದಲ್ಲಿ ಕೋರಂ ಬಗ್ಗೆಯೂ ಒಂದು ಮಾತು. ಜನ ಸಾಕಷ್ಟು ಬರದಿದ್ದರೆ ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಸಭೆ ಮುಂದುವರಿಸುವ ರೂಢಿ ಎಲ್ಲ ಕಡೆ ಇದೆ. ಬೈಲಾದಲ್ಲಿ ಅದಕ್ಕೆ ಅವಕಾಶ ಇದ್ದರೆ ಮಾತ್ರ ಇದು ಸರಿ. ನೋಟಿಸಿನಲ್ಲೂ ಆ ಸಾಲು ಇರಬೇಕು. ರೂಢಿಯಿಂದ ಅಧಿಕಾರ ಹುಟ್ಟುವುದಿಲ್ಲ.

ದಿನ ಎಣಿಸುವ ಲೆಕ್ಕ

ಬೈಲಾದಲ್ಲಿ "ಕನಿಷ್ಠ ಏಳು ದಿನ" ಅಂತ ಇದೆ ಅಂದುಕೊಳ್ಳಿ. ಸಭೆ 22ನೇ ತಾರೀಕು. 15ಕ್ಕೆ ನೋಟಿಸ್ ಕೊಟ್ಟರೆ ಸಾಕು ಅಂತ ಅನಿಸುತ್ತದೆ. ಆದರೆ ಪೂರ್ಣ ದಿನದ ಲೆಕ್ಕದಲ್ಲಿ ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಡಬೇಕು. 16ರಿಂದ 21ರವರೆಗೆ ಆರೇ ದಿನ ಆಯಿತು. ಹಾಗಾಗಿ 14ರಂದೇ ನೋಟಿಸ್ ಎಲ್ಲರ ಕೈ ಸೇರಿರಬೇಕು.

ವಾಟ್ಸ್ಆ್ಯಪ್, ಅಂಚೆ ಮತ್ತು ಬೀಗ ಹಾಕಿದ ಫ್ಲ್ಯಾಟ್

ಕರಾವಳಿಯ ಅಪಾರ್ಟ್‌ಮೆಂಟ್‌ಗಳಿಗೆ ಒಂದು ವಿಶೇಷ ಕಷ್ಟ ಇದೆ. ಬಹಳಷ್ಟು ಮಾಲೀಕರು ಇಲ್ಲಿಲ್ಲ. ದುಬೈ, ಕುವೈತ್, ಮಸ್ಕತ್ತಿನಲ್ಲಿದ್ದಾರೆ, ಮುಂಬೈಯಲ್ಲಿದ್ದಾರೆ. ಫ್ಲ್ಯಾಟಿಗೆ ಬೀಗ, ವರ್ಷಕ್ಕೊಮ್ಮೆ ರಜೆಗೆ ಬರುತ್ತಾರೆ. ಮಣಿಪಾಲದಂಥ ಕಡೆ ಫ್ಲ್ಯಾಟಿನಲ್ಲಿ ಇರುವವರು ಬಾಡಿಗೆಯ ವಿದ್ಯಾರ್ಥಿಗಳು. ಬಾಗಿಲಿನ ಕೆಳಗೆ ತಳ್ಳಿದ ನೋಟಿಸ್ ಬೀಗ ಹಾಕಿದ ಮನೆಯಲ್ಲಿ ಧೂಳು ತಿನ್ನುತ್ತದೆ, ಅಥವಾ ಬಾಡಿಗೆದಾರರ ಕೈಗೆ ಸಿಕ್ಕಿ ಅಲ್ಲೇ ಉಳಿಯುತ್ತದೆ. ಬಾಡಿಗೆದಾರ ಸಂಘದ ಸದಸ್ಯನಲ್ಲ. ಅವನಿಗೆ ಕೊಟ್ಟ ನೋಟಿಸ್ ಮಾಲೀಕನಿಗೆ ಕೊಟ್ಟಂತೆ ಆಗುವುದಿಲ್ಲ.

ಮೈಸೂರು ರಾಜ್ಯದ ಒಂದು ಪುರಸಭೆಯ ಅಧ್ಯಕ್ಷರ ಮೇಲಿನ ಅವಿಶ್ವಾಸದ ಪ್ರಕರಣ 1960ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೆ. ನರಸಿಂಹಯ್ಯ ವಿರುದ್ಧ ಎಚ್.ಸಿ. ಸಿಂಗ್ರಿಗೌಡ ಪ್ರಕರಣ. ನೋಟಿಸ್ ಬರೀ ಕಳುಹಿಸಿದರೆ ಕೊಟ್ಟಂತೆ ಆಗುವುದಿಲ್ಲ, ಅದು ಆ ವ್ಯಕ್ತಿಗೆ ತಲುಪಬೇಕು ಅಥವಾ ಅವನ ಮುಂದೆ ಹಿಡಿಯಬೇಕು ಅಂತ ಕೋರ್ಟ್ ಹೇಳಿತು. ಬೈಲಾದಲ್ಲಿ "ಕಳುಹಿಸಿದರೆ ಸಾಕು" ಅಂತ ಸ್ಪಷ್ಟವಾಗಿ ಬರೆದಿದ್ದರೆ ಸೆಕ್ರೆಟರಿಯ ಹೊರೆ ಕಡಿಮೆ. ಹಾಗಿಲ್ಲದಿದ್ದರೆ ತಲುಪಿದ್ದಕ್ಕೆ ಪುರಾವೆ ಬೇಕು.

ಹಾಗಾದರೆ ವಾಟ್ಸ್ಆ್ಯಪ್? 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ಪ್ರಕಾರ, ಕಾನೂನು ಲಿಖಿತವಾಗಿರಬೇಕು ಅಂದ ಕಡೆ ಎಲೆಕ್ಟ್ರಾನಿಕ್ ರೂಪವೂ ನಡೆಯುತ್ತದೆ, ಮುಂದೆ ತೆಗೆದು ನೋಡಲು ಸಿಗುವಂತಿದ್ದರೆ. 2018ರಲ್ಲಿ ಬಾಂಬೆ ಹೈಕೋರ್ಟ್ ಒಂದು ಪ್ರಕರಣದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ನೋಟಿಸಿಗೆ ನೀಲಿ ಗುರುತು ಬಿದ್ದದ್ದನ್ನು ಒಪ್ಪಿಕೊಂಡಿತ್ತು. ಇನ್ನೊಂದು ಕಡೆ, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪೊಲೀಸರು ಹಾಜರಾಗಲು ಕೊಡುವ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕೊಡುವಂತಿಲ್ಲ ಅಂದಿತು. ಒಬ್ಬರು ಮೊದಲನೆಯದನ್ನು ತೋರಿಸಿ ನಡೆಯುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಎರಡನೆಯದನ್ನು ತೋರಿಸಿ ನಡೆಯುವುದಿಲ್ಲ ಅನ್ನುತ್ತಾರೆ. ಎರಡೂ ಅಪಾರ್ಟ್‌ಮೆಂಟ್ ಸಭೆಯ ಪ್ರಕರಣಗಳಲ್ಲ. ಎರಡನೆಯದರಲ್ಲಿ ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆ ಇತ್ತು. ಅಪಾರ್ಟ್‌ಮೆಂಟಿಗೆ ಬೇಕಾದ ಉತ್ತರ ಮತ್ತೆ ಬೈಲಾದಲ್ಲೇ ಇರಬೇಕು: ಇ-ಮೇಲ್ ಅಥವಾ ವಾಟ್ಸ್ಆ್ಯಪ್ ಮೂಲಕ ನೋಟಿಸ್ ಕೊಡಬಹುದು ಅಂತ ಬರೆದಿದೆಯಾ, ಮಾಲೀಕ ತನ್ನ ನಂಬರನ್ನು ಅದಕ್ಕಾಗಿ ಬರೆದುಕೊಟ್ಟಿದ್ದಾನಾ?

ಗ್ರೂಪಿನಲ್ಲಿ ಹಾಕುವುದಕ್ಕೂ ಒಬ್ಬೊಬ್ಬರಿಗೆ ಕಳುಹಿಸುವುದಕ್ಕೂ ವ್ಯತ್ಯಾಸ ಇದೆ. ಗ್ರೂಪಿನಿಂದ ಹೊರಗೆ ಹೋದವರು, ಅಡ್ಮಿನ್ ತೆಗೆದುಹಾಕಿದವರು, ಮೊದಲಿನಿಂದಲೂ ಸೇರದ ಹಿರಿಯರು ಇರುತ್ತಾರೆ. ಅವರೂ ಮಾಲೀಕರೇ. ಬೆಳಗ್ಗಿನ ಶುಭೋದಯದ ಚಿತ್ರಗಳ ನಡುವೆ ನೋಟಿಸ್ ಮುಳುಗಿಹೋಗುವುದೂ ಇದೆ. ಒಬ್ಬೊಬ್ಬರಿಗೂ ಪಿಡಿಎಫ್ ಕಳುಹಿಸಿ, ಅದೇ ದಿನ ಇ-ಮೇಲ್ ಮಾಡಿ, ಬೋರ್ಡಿಗೂ ಅಂಟಿಸಿದರೆ ಯಾವ ಕೋರ್ಟಿನಲ್ಲೂ ಸೆಕ್ರೆಟರಿ ತಲೆತಗ್ಗಿಸಬೇಕಾಗಿಲ್ಲ. ಮುಂದೆ ಕೇಸಾದರೆ ಈ ಎಲೆಕ್ಟ್ರಾನಿಕ್ ದಾಖಲೆಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಫೋನ್ ಬದಲಿಸುವ ಮೊದಲು ಆ ಮೆಸೇಜುಗಳನ್ನು ಉಳಿಸಿಕೊಳ್ಳಬೇಕು.

ಅಂಚೆಯ ಕತೆಯೂ ಬದಲಾಗಿದೆ. ಹಳೆಯ ಬೈಲಾಗಳಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅಂತ ಇರುತ್ತದೆ. 2025ರಲ್ಲಿ ಅಂಚೆ ಇಲಾಖೆ ಆ ಸೇವೆಯನ್ನು ಸ್ಪೀಡ್ ಪೋಸ್ಟ್ ಜತೆ ಸೇರಿಸಿತು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ತಲುಪಿದ ವಿವರವನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕುವುದು ಈಗಿನ ದಾರಿ.

ಗಲ್ಫಿನಲ್ಲಿರುವ ಮಾಲೀಕನಿಗೆ ನೋಟಿಸ್ ತಲುಪಿದ ಮಾತ್ರಕ್ಕೆ ಮುಗಿಯಲಿಲ್ಲ. ಅವನು ಬರಲಾರ. ಬೈಲಾದಲ್ಲಿ ಪ್ರಾಕ್ಸಿಗೆ, ಅಂದರೆ ತನ್ನ ಬದಲು ಇನ್ನೊಬ್ಬರಿಂದ ಮತ ಹಾಕಿಸಲು, ಅವಕಾಶ ಇದ್ದರೆ ಅದರ ಫಾರಂ ನೋಟಿಸಿನ ಜತೆಗೇ ಹೋಗಬೇಕು. ಯಾವ ದಿನದ ಒಳಗೆ ವಾಪಸ್ ಕಳುಹಿಸಬೇಕು ಅಂತಲೂ ಬರೆದಿರಬೇಕು. ಎರಡು ದಿನ ಮೊದಲು ನೋಟಿಸ್ ಕೊಟ್ಟು ಪ್ರಾಕ್ಸಿ ಇದೆಯಲ್ಲ ಅಂದರೆ ಅದು ಬಾಯಿಮಾತು. ಮಾಲೀಕರ ಕಡೆಯಿಂದಲೂ ಒಂದು ಕರ್ತವ್ಯ ಇದೆ. ವಿಳಾಸ, ಇ-ಮೇಲ್, ಫೋನ್ ನಂಬರ್ ಬದಲಾದರೆ ಸಂಘಕ್ಕೆ ಲಿಖಿತವಾಗಿ ತಿಳಿಸಬೇಕು. ಹತ್ತು ವರ್ಷ ಹಿಂದಿನ ಕುವೈತ್ ನಂಬರ್ ಕೊಟ್ಟು, ನನಗೆ ನೋಟಿಸ್ ಬರಲಿಲ್ಲ ಅಂದರೆ ಕಮಿಟಿಯನ್ನು ದೂರುವುದು ನ್ಯಾಯ ಅಲ್ಲ.

ನೋಟಿಸ್ ತಪ್ಪಿದರೆ ಏನಾಗು‌ತ್ತದೆ?

ಪ್ರತಿ ತಪ್ಪಿಗೂ ಒಂದೇ ಶಿಕ್ಷೆ ಅಂತ ಇಲ್ಲ. ನೋಟಿಸೇ ಕೊಡದಿರುವುದು ಬೇರೆ, ಒಂದು ದಿನ ಕಡಿಮೆ ಆಗಿರುವುದು ಬೇರೆ. ಮೇಲೆ ಹೇಳಿದ ಪುರಸಭೆಯ ಪ್ರಕರಣದಲ್ಲಿ ಮೂರು ಪೂರ್ಣ ದಿನದ ನೋಟಿಸ್ ಕೊಟ್ಟಿರಲಿಲ್ಲ. ಆದರೂ ಅದರಿಂದ ಸಭೆಗೆ ತೊಂದರೆ ಆಗಿಲ್ಲ ಅಂತ ಸುಪ್ರೀಂ ಕೋರ್ಟ್ ನಿರ್ಣಯವನ್ನು ಉಳಿಸಿತು. ಪರಮೇಶ್ವರಿ ಪ್ರಸಾದ್ ಪ್ರಕರಣದಲ್ಲಿ ಒಬ್ಬ ನಿರ್ದೇಶಕರಿಗೆ ನೋಟಿಸ್ ಹೋಗಿರಲೇ ಇಲ್ಲ, ಅಲ್ಲಿ ಮೊದಲ ನಿರ್ಣಯ ಬಿದ್ದಿತು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಆಮೇಲೆ ಸರಿಯಾಗಿ ಕರೆದ ಇನ್ನೊಂದು ಸಭೆ ಮೊದಲಿನ ಕ್ರಮವನ್ನು ಅನುಮೋದಿಸಿತ್ತು. ಆ ಅನುಮೋದನೆ ನಡೆಯುತ್ತದೆ ಅಂತ ಕೋರ್ಟ್ ಒಪ್ಪಿತು.

ಕಮಿಟಿಗಳಿಗೆ ಇದು ಬಹಳ ಉಪಯೋಗದ ಪಾಠ. ತಪ್ಪಾಗಿದೆ ಅಂತ ಗೊತ್ತಾದ ತಕ್ಷಣ ಹಟ ಹಿಡಿಯುವ ಬದಲು ಸರಿಯಾದ ನೋಟಿಸ್ ಕೊಟ್ಟು ಮತ್ತೆ ಸಭೆ ಕರೆಯಬೇಕು. ಎಲ್ಲರ ಮುಂದೆ ವಿಷಯ ಇಟ್ಟು ಮತ್ತೆ ನಿರ್ಣಯ ಮಾಡಬೇಕು. ಹತ್ತು ದಿನದ ಕೆಲಸ. ಹಟ ಹಿಡಿದರೆ ವರ್ಷಗಟ್ಟಲೆ ಕೋರ್ಟು.

ಪರಿಣಾಮ ಬರೀ ಕೋರ್ಟಿಗೆ ಸಂಬಂಧಿಸಿದ್ದಲ್ಲ. ಹೊಸ ಕಮಿಟಿ ಬಂದಾಗ ಬ್ಯಾಂಕಿನಲ್ಲಿ ಸಹಿ ಬದಲಿಸಲು ನಿರ್ಣಯದ ಪ್ರತಿ ಕೇಳುತ್ತಾರೆ. ಹಳೆಯ ಕಮಿಟಿ ಆಕ್ಷೇಪ ಎತ್ತಿ ಪತ್ರ ಕೊಟ್ಟರೆ ಖಾತೆ ಅಲ್ಲೇ ಸಿಕ್ಕಿಕೊಳ್ಳಬಹುದು. ಆಗ ಕರೆಂಟ್ ಬಿಲ್ಲೂ ಕಟ್ಟಲು ಆಗುವುದಿಲ್ಲ, ವಾಚ್‌ಮ್ಯಾನ್ ಸಂಬಳವೂ ನಿಲ್ಲುತ್ತದೆ. ಮೈಂಟೆನೆನ್ಸ್ ಬಾಕಿ ಉಳಿಸಿಕೊಂಡವರಿಗೆ ನೋಟಿಸಿನ ದೋಷ ಒಂದು ಗುರಾಣಿ. ಏರಿಕೆಯೇ ಅಸಿಂಧು, ನಾನ್ಯಾಕೆ ಕಟ್ಟಬೇಕು ಅನ್ನುತ್ತಾರೆ. ಆ ಭಾರ ಬೀಳುವುದು ತಪ್ಪದೆ ಕಟ್ಟುವವರ ಮೇಲೆ.

ದೂರು ಎಲ್ಲಿಗೆ?

ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಇದ್ದರೆ ದಾರಿ ಇದೆ. ಆ ಕಾಯ್ದೆಯ 25ನೇ ಕಲಂ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದು ಭಾಗ ಅಥವಾ ಆಡಳಿತ ಮಂಡಳಿಯ ಬಹುಮತ ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ಮಾಡಬೇಕು. ಅವರು ತಾವಾಗಿಯೇ ಕೂಡ ಮಾಡಬಹುದು. ಸಹಕಾರ ಸಂಘವಾದರೆ ಸಹಕಾರ ಇಲಾಖೆಯ ಅಧಿಕಾರಿಗಳ ಮುಂದೆ ವಿವಾದ ಹೂಡಬಹುದು. 1972ರ ಕಾಯ್ದೆಯಲ್ಲಿ ಇಂಥ ಗಟ್ಟಿ ವ್ಯವಸ್ಥೆ ಇಲ್ಲ, ಕೊನೆಗೆ ಸಿವಿಲ್ ಕೋರ್ಟೇ ಗತಿ. ಹೊಸ ಕಾಯ್ದೆ ಬೇಕು ಅನ್ನುವವರ ಮುಖ್ಯ ವಾದಗಳಲ್ಲಿ ಇದೂ ಒಂದು. ಸಭೆಯ ನೋಟಿಸ್ ತಪ್ಪಿದ್ದಕ್ಕೆ ಸಿವಿಲ್ ದಾವೆ ಹೂಡಲು ಒಬ್ಬ ನಿವೃತ್ತ ಮೇಷ್ಟ್ರಿಗೆ ಆಗುತ್ತದಾ? ತಾಲೂಕು ಮಟ್ಟದಲ್ಲೋ ಜಿಲ್ಲೆಯಲ್ಲೋ ಬೇಗ ತೀರ್ಮಾನ ಕೊಡುವ ಒಬ್ಬ ಅಧಿಕಾರಿ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕಾಯ್ದೆಗೆ ಕಾಯದೆ ಬೈಲಾ ತಿದ್ದಬಹುದು

ಹೊಸ ಕಾಯ್ದೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕಮಿಟಿ ಎಷ್ಟು ರೂಪಾಯಿಯವರೆಗೆ ತಾನೇ ಖರ್ಚು ಮಾಡಬಹುದು, ಅದಕ್ಕಿಂತ ಜಾಸ್ತಿ ಆದರೆ ಸರ್ವ ಸದಸ್ಯರ ಒಪ್ಪಿಗೆ, ವಂತಿಗೆಯ ವಿಷಯಕ್ಕೆ 14 ದಿನದ ನೋಟಿಸ್, ಇ-ಮೇಲ್ ಮತ್ತು ವಾಟ್ಸ್ಆ್ಯಪ್ ನೋಟಿಸಿಗೆ ಮಾನ್ಯತೆ, ಕಮಿಟಿ ಸಭೆಯ ವಿಷಯಪಟ್ಟಿ ಬೋರ್ಡಿಗೆ, ನೀರಿನ ಪೈಪ್ ಒಡೆಯುವಂಥ ತುರ್ತು ಕೆಲಸಕ್ಕೆ ವಿನಾಯಿತಿ. ಇಷ್ಟು ಸೇರಿಸಿದರೆ ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲ.

ಒಂದು ಎಚ್ಚರಿಕೆ ಬೇಕು. 1972ರ ಕಾಯ್ದೆಯ ಕೆಳಗಿರುವ ಸಂಘದಲ್ಲಿ ಬೈಲಾ ತಿದ್ದುಪಡಿ ಸಭೆಯಲ್ಲಿ ಪಾಸಾದರೆ ಸಾಲದು. ಅದು ಡಿಕ್ಲರೇಷನ್ನಿನ ತಿದ್ದುಪಡಿಯಾಗಿ ನೋಂದಣಿ ಆಗಬೇಕು. ಆವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ತಿದ್ದುಪಡಿಗಾಗಿ ಕರೆಯುವ ಸಭೆಗೂ ಹಳೆಯ ಬೈಲಾದ ನಿಯಮದಂತೆಯೇ ನೋಟಿಸ್ ಕೊಡಬೇಕು. ಯಾವ ಕಲಮಿನಲ್ಲಿ ಏನಿತ್ತು, ಏನಾಗಲಿದೆ ಅನ್ನುವುದನ್ನು ಅದರ ಜತೆಗೇ ಲಗತ್ತಿಸಬೇಕು.